ಕರೆಂಟ್ ಹೋಗದ ಊರಲ್ಲಿ ಒಂದು ಮಧ್ಯಾಹ್ನದ ನಿದ್ದೆ

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟಿಗೆ ಬಂದು ಬೈಯಬೇಡಿ. ವಿಯೆಟ್ನಾಮಿಗೆ ಹೋಗಿ ಬಂದೆ, ಹೌದು. ಸಮುದ್ರದ ಮಧ್ಯೆ ಎದ್ದು ನಿಂತಿರುವ ಆ ಹಸಿರು ಬಂಡೆಗಳನ್ನು ನೋಡಲಿಲ್ಲ. ದೋಣಿ ಹತ್ತಲಿಲ್ಲ. ಬಣ್ಣದ ಲಾಟೀನು ತೂಗುವ ಬೀದಿಯಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಲಿಲ್ಲ. ನಾನು ನೋಡಿ ಬಂದಿದ್ದು ಸ್ಪ್ರಿಂಗ್. ನಿಮ್ಮ ಮನೆಯ ಗೋಡೆಯ ಸ್ವಿಚ್ಚಿನೊಳಗೆ ಕೂತು ‘ಟಿಕ್’ ಅನ್ನುತ್ತದಲ್ಲ, ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದು, ಅದೇ.

ಕೆಲಸ ಇದ್ದದ್ದು ನನಗಲ್ಲ, ನಸೀಮಾಗೆ. ಆರ್.ಟಿ. ನಗರದವಳು, ಕಾಲೇಜಿನಿಂದ ನನ್ನ ಗೆಳತಿ. ಅಬ್ಬಿಗೆರೆಯಲ್ಲಿ ಅವಳ ಅಬ್ಬಾ ಶುರು ಮಾಡಿದ ಸ್ಪ್ರಿಂಗ್ ಶೆಡ್ ಇದೆ, ಈಗ ಅದರ ಯಜಮಾನಿ ಅವಳೇ. ಅವಳ ಮುಖ್ಯ ಗಿರಾಕಿ ಒಂದು ಸ್ವಿಚ್ ಕಂಪನಿ. ಆ ಕಂಪನಿಯವರು ಒಂದು ದಿನ ಮರ್ಯಾದೆಯಾಗಿಯೇ ಹೇಳಿದರು: ವಿಯೆಟ್ನಾಮಿನಿಂದ ಹಡಗಿನಲ್ಲಿ ಬರುವ ಸ್ಪ್ರಿಂಗ್ ನಿಮ್ಮ ತಂತಿಯ ಬೆಲೆಗೇ ಸಿಗುತ್ತಿದೆ, ನೀವೇನು ಮಾಡುತ್ತೀರಿ?

ಅದರ ಬೆನ್ನಿಗೇ ಯಶವಂತಪುರದ ವ್ಯಾಪಾರಿ ಮಂಜಣ್ಣ ಬಂದರು. ‘ಮೇಡಮ್, ಟೆನ್ಶನ್ ಯಾಕ್ ತಗೋತೀರಾ? ಮಷಿನ್ ಮಾರಿಬಿಡಿ. ಡಬ್ಬಿ ಮೇಲೆ ನಿಮ್ಮ ಹೆಸ್ರೇ ಇರತ್ತೆ, ಒಳಗಡೆ ಮಾಲು ಅವರದು. ನಾನು ತರಿಸ್ತೀನಿ, ನೀವು ಆರಾಮಾಗಿ ಮನೇಲಿ ಕೂತ್ಕೊಂಡು ಕಮಿಷನ್ ತಗೊಳ್ಳಿ. ಬೇಕಾದ್ರೆ ಹೋಗಿ ಫ್ಯಾಕ್ಟರಿ ನೋಡ್ಕೊಂಡ್ ಬನ್ನಿ.’

ನಸೀಮಾ ಮುಕ್ಕಾಲು ಪಾಲು ಒಪ್ಪಿಯಾಗಿತ್ತು. ‘ಮಂಡಿ ನೋವು ಕಣೆ ಶೈಲಾ. ಎಷ್ಟು ದಿನ ಆ ಶೆಡ್ಡಲ್ಲಿ ನಿಂತ್ಕೊಳ್ಲಿ? ನೋಡ್ಕೊಂಡು ಬಂದು ಹೂಂ ಅಂದ್ಬಿಡ್ತೀನಿ. ನೀನೂ ಬಾ. ನಂಗೆ ಇಂಗ್ಲಿಷಲ್ಲಿ ಜಗಳ ಆಡೋಕೆ ಬರಲ್ಲ.’

ನನಗೆ ಯಾವ ಭಾಷೆಯಲ್ಲಾದರೂ ಬರುತ್ತದೆ. ಹೊರಟೆ.

ನಸೀಮಾಳ ಶೆಡ್ಡಿರುವ ಗಲ್ಲಿಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅಬ್ಬಿಗೆರೆಯಲ್ಲಿ ಒಂದು ಸ್ಪ್ರಿಂಗ್ ಒಂದೇ ಶೆಡ್ಡಿನಲ್ಲಿ ಹುಟ್ಟುವುದಿಲ್ಲ. ನಸೀಮಾ ತಂತಿ ಸುತ್ತುತ್ತಾಳೆ. ಪಕ್ಕದ ಸೆಲ್ವಂ ಅದನ್ನು ಒಲೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಾನೆ. ಗಲ್ಲಿಯ ಕೊನೆಯ ಕೃಷ್ಣಪ್ಪ ತುಕ್ಕು ಹಿಡಿಯದ ಹಾಗೆ ಹೊಳಪಿನ ಲೇಪ ಕೊಡುತ್ತಾರೆ. ಸ್ಕೂಟರಿನ ಕಾಲಡಿಯಲ್ಲಿ, ಬಕೆಟ್ಟಿನಲ್ಲಿ, ಒಮ್ಮೊಮ್ಮೆ ಸೆರಗಿನಲ್ಲಿ, ಮಗು ಮನೆಯಿಂದ ಮನೆಗೆ ಆಡಲು ಹೋದ ಹಾಗೆ ಸ್ಪ್ರಿಂಗು ಗಲ್ಲಿ ತುಂಬ ಓಡಾಡಿ ದೊಡ್ಡದಾಗುತ್ತದೆ. ಕರೆಂಟ್ ಹೋದರೆ, ಅದು ದಿನಾ ಹೋಗುತ್ತದೆ, ಎಲ್ಲ ಮಷಿನ್ನೂ ಒಟ್ಟಿಗೆ ನಿಲ್ಲುತ್ತವೆ. ಎಲ್ಲರೂ ಗಲ್ಲಿಗೆ ಬರುತ್ತಾರೆ. ಟೀ ಬರುತ್ತದೆ. ಯಾರ ಹತ್ತಿರ ತಂತಿ ಉಳಿದಿದೆ, ಯಾರಿಗೆ ಕೈಮೀರಿದ ಆರ್ಡರ್ ಬಂದಿದೆ, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ, ಎಲ್ಲ ತೀರ್ಮಾನವೂ ಅಲ್ಲೇ. ಆ ಗಲ್ಲಿಗೆ ಒಂದು ಆಫೀಸು ಅಂತ ಇದ್ದರೆ ಅದು ಕರೆಂಟ್ ಹೋದ ಹೊತ್ತು.

ನಸೀಮಾ ಹೂಂ ಅಂದರೆ ಆ ಆಫೀಸಿನಲ್ಲಿ ಇನ್ನಿಬ್ಬರಿಗೂ ಕೆಲಸ ಇರುವುದಿಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ವಿಮಾನದಲ್ಲಿ ಅದರ ಮಾತೆತ್ತಲಿಲ್ಲ.

ದೇವನಹಳ್ಳಿ: ಟ್ರೇ ಮುಂದೆ

ಏರ್‌ಪೋರ್ಟಿನಲ್ಲೇ ಮೊದಲ ಎಡವಟ್ಟು. ಹೋಲಿಸಿ ನೋಡಬೇಕೆಂದು ನಸೀಮಾ ತನ್ನ ಸ್ಪ್ರಿಂಗುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿ ಕೈಚೀಲದಲ್ಲಿಟ್ಟಿದ್ದಳು. ಸ್ಕ್ಯಾನರ್ ಮುಂದಿನ ಸೆಕ್ಯುರಿಟಿಯವರ ಮುಖ ಬದಲಾಯಿತು.

‘ಏನಮ್ಮಾ ಇದು?’

‘ಸ್ಪ್ರಿಂಗ್ ಸರ್.’

‘ಯಾವುದಕ್ಕೆ?’

‘ಸ್ವಿಚ್ಚಿಗೆ.’

ಸ್ವಿಚ್ಚು ಎಂದ ಕೂಡಲೇ ಅವರಿಗೆ ಏನೇನೋ ಹೊಳೆದಿರಬೇಕು. ಒಂದನ್ನು ಎರಡು ಬೆರಳ ನಡುವೆ ಹಿಡಿದು ಒತ್ತಿದರು. ಅದು ಹಾರಿ ಹೋಗಿ ಮುಂದಿದ್ದ ಗಂಡಸಿನ ಶೂ ಒಳಗೆ ಬಿತ್ತು. ಆ ಮನುಷ್ಯ ಶೂ ಕೊಡವುತ್ತಾ ನಿಂತ. ಸೆಕ್ಯುರಿಟಿಯವರು ಜೇಬಿನಿಂದ ತಮ್ಮ ಪೆನ್ನು ತೆಗೆದು ಸಣ್ಣ ದನಿಯಲ್ಲಿ ಕೇಳಿದರು: ‘ಇದರದ್ದೂ ಹೋಗಿದೆ. ಒಂದ್ ಆಗತ್ತಾ ನೋಡಿ ಮೇಡಮ್.’

ಆಗಲಿಲ್ಲ. ಆದರೆ ನಮ್ಮನ್ನು ಬಿಟ್ಟರು.

ಹನೋಯ್

ಹನೋಯಿನಲ್ಲಿ ರಸ್ತೆ ದಾಟುವುದನ್ನು ನಮಗೆ ಥಾವ್ ಕಲಿಸಿದಳು. ಥಾವ್ ಅಂದರೆ ನಮ್ಮ ದುಭಾಷಿ, ಇಂಗ್ಲಿಷ್ ಬಲ್ಲ ನಗುಮುಖದ ಹೆಂಗಸು, ಹೆಲ್ಮೆಟ್ಟಿನ ಮೇಲೆ ಬೆಕ್ಕಿನ ಕಿವಿ. ಸಾವಿರ ಬೈಕು ಬರುತ್ತಿದ್ದರೂ ನಿಲ್ಲಬಾರದಂತೆ, ಓಡಬಾರದಂತೆ. ಒಂದೇ ಸಮ ನಿಧಾನವಾಗಿ ನಡೆಯುತ್ತಾ ಹೋಗಬೇಕು, ಬೈಕುಗಳೇ ಸುತ್ತುಬಳಸಿ ಹೋಗುತ್ತವೆ. ನಡೆದೆವು. ಹೊಳೆಯೊಳಗೆ ಇಳಿದು ನಡೆದ ಹಾಗಿತ್ತು. ಬೈಕುಗಳು ಮೀನಿನಂತೆ ಪಕ್ಕದಲ್ಲಿ ಜಾರಿ ಹೋದವು, ಒಂದೂ ತಾಗಲಿಲ್ಲ. ಹೆಬ್ಬಾಳದ ಫ್ಲೈಓವರ್ ಕೆಳಗೆ ಇದೇ ನಂಬಿಕೆಯಲ್ಲಿ ಹೆಜ್ಜೆ ಇಟ್ಟರೆ ಮಾರನೇ ದಿನ ನಮ್ಮ ಫೋಟೋಗೆ ಹಾರ ಬೀಳುತ್ತದೆ.

ಊಟದ್ದು ಪೀಕಲಾಟ. ನನಗೆ ಮಾಂಸ ಆಗುವುದಿಲ್ಲ, ಅವಳಿಗೆ ಹಲಾಲ್ ಅಲ್ಲದ್ದು ಆಗುವುದಿಲ್ಲ. ಅಂಗಡಿಯವಳು ‘ಬರೀ ಸೊಪ್ಪು’ ಎಂದು ಪ್ರೀತಿಯಿಂದ ತಂದಿಟ್ಟ ಬಟ್ಟಲಿನಲ್ಲಿ ಮೀನಿನ ರಸದ ವಾಸನೆ. ಮೂರೂ ಜನ ಮಕ್ಕಳ ಸ್ಟೂಲಿನಷ್ಟು ಕುಳ್ಳಗಿನ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗಿಸಿ ಕೂತೆವು. ಬಾಳೆಹಣ್ಣು, ನಸೀಮಾ ಕಟ್ಟಿ ತಂದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ. ಥಾವ್ ಚಟ್ನಿಪುಡಿ ನೆಕ್ಕಿ ಕಣ್ಣೀರು ಸುರಿಸುತ್ತಾ ಇನ್ನಷ್ಟು ಕೇಳಿದಳು.

ಮಂಜಣ್ಣನ ಫೋನ್ ಬಂತು. ‘ಏನ್ ಮೇಡಮ್, ಊರ್ ಹೆಂಗಿದೆ? ಓಕೆ ತಾನೆ?’

‘ಇನ್ನೂ ಫ್ಯಾಕ್ಟರಿ ನೋಡಿಲ್ಲ ಮಂಜಣ್ಣ.’

‘ನೋಡೋದೇನಿದೆ ಬಿಡಿ ಮೇಡಮ್. ಓಕೆನೇ.’

ಗೇಟಿನ ಒಳಗೆ

ಬಂದರಿಗೆ ಹೋಗುವ ಹೆದ್ದಾರಿಯಲ್ಲಿ ಕಾರು ಓಡುತ್ತಿತ್ತು. ಓಡುತ್ತಿತ್ತು ಎನ್ನುವುದಕ್ಕಿಂತ ತೇಲುತ್ತಿತ್ತು. ಎರಡೂ ಕಡೆ ಭತ್ತದ ಗದ್ದೆ, ಗದ್ದೆಯ ನಡುವೆ ಬಿಳಿ ಗೋರಿಗಳು, ಬಿಸಿಲು. ನಸೀಮಾ ತುಂಬಾ ಹೊತ್ತು ಕಿಟಕಿಗೆ ಹಣೆ ಇಟ್ಟುಕೊಂಡಿದ್ದಳು.

‘ಏನೇ ನೋಡ್ತಿದೀಯ?’

‘ಗುಂಡಿ ಹುಡುಕ್ತಿದೀನಿ. ಒಂದೂ ಸಿಗ್ತಿಲ್ಲ.’

ಅವಳ ನಗುವಿನಲ್ಲಿ ಖುಷಿ ಇರಲಿಲ್ಲ. ಅಬ್ಬಿಗೆರೆಯಿಂದ ತುಮಕೂರು ರಸ್ತೆ ಸೇರುವುದರೊಳಗೆ ಅವಳ ಪೆಟ್ಟಿಗೆಗಳು ಕುಲುಕಿ ಅರ್ಧ ಬಾಯಿ ಬಿಟ್ಟಿರುತ್ತವೆ. ಮಾಕಳಿ ದಾಟುವಷ್ಟರಲ್ಲಿ ಡ್ರೈವರ್ ಎರಡು ಸಲ ಫೋನ್ ಮಾಡಿ ಬೈದಿರುತ್ತಾನೆ. ನಮ್ಮಲ್ಲಿ ಮೊದಲು ಶೆಡ್ಡು ಎದ್ದೇಳುತ್ತದೆ, ಆಮೇಲೆ ಅರ್ಜಿ, ಆಮೇಲೆ ರಸ್ತೆ, ರಸ್ತೆಯಾದ ಮಾರನೇ ವಾರ ಪೈಪಿಗೆ ಅಗೆತ. ಇಲ್ಲಿ ಸರ್ಕಾರ ಮೊದಲು ರಸ್ತೆ ಹಾಕಿ, ತಂತಿ ಎಳೆದು, ಹಡಗು ನಿಲ್ಲಲು ಜಾಗ ಮಾಡಿ, ಕೆಲಸಗಾರರಿಗೆ ಹಾಸ್ಟೆಲ್ ಕಟ್ಟಿ, ಆಮೇಲೆ ‘ಬನ್ನಿ ಫ್ಯಾಕ್ಟರಿ ಹಾಕಿ’ ಎಂದು ಕರೆದಿದೆ. ಮದುವೆಗೆ ಕರೆಯುವ ಮುಂಚೆ ಚಪ್ಪರ ಹಾಕಬೇಕೆನ್ನುವುದು ಅಷ್ಟು ದೊಡ್ಡ ಅರ್ಥಶಾಸ್ತ್ರವೇನಲ್ಲ. ಆದರೂ ನಮಗೆ ಯಾಕೋ ಊಟ ಬಡಿಸುವಾಗಲೇ ಚಪ್ಪರದ ನೆನಪಾಗುತ್ತದೆ.

ಕೈಗಾರಿಕಾ ಪಾರ್ಕಿನ ಗೇಟು ದಾಟಿದೆವು. ಮ್ಯಾನೇಜರ್ ಕ್ವಾಂಗ್ ಸೌಮ್ಯ ಮನುಷ್ಯ, ಮಾತಿಗೊಮ್ಮೆ ತಲೆ ಬಾಗಿಸುತ್ತಿದ್ದರು. ಫ್ಯಾಕ್ಟರಿಯ ಮಾಲೀಕರು ಬೇರೆ ದೇಶದವರು, ಕ್ವಾಂಗ್ ಈ ಊರಿನವರು. ಒಳಗೆ ಹೋದಾಗ ನಸೀಮಾ ಒಂದು ಮಷಿನ್ನಿನ ಮುಂದೆ ಗಕ್ಕನೆ ನಿಂತಳು.

‘ಶೈಲಾ, ಇದು ನಂದೇ.’

ಅವಳ ಶೆಡ್ಡಿನಲ್ಲಿರುವುದೇ, ಅದೇ ಹಸಿರು ಬಣ್ಣ, ಅದೇ ಕಂಪನಿ. ಅದನ್ನು ನೋಡಿ ಅವಳಿಗೆ ಸಮಾಧಾನವಾಗಲಿಲ್ಲ, ಇನ್ನಷ್ಟು ಇಳಿದುಹೋದಳು. ಮಷಿನ್ನು ಬೇರೆಯಾಗಿದ್ದರೆ ಸೋಲಿಗೆ ಒಂದು ಕಾರಣವಾದರೂ ಸಿಗುತ್ತಿತ್ತು.

ಇಲ್ಲಿ ಒಂದೇ ಸೂರಿನಡಿ ತಂತಿ ಒಳಬಂದು ಪೆಟ್ಟಿಗೆ ಹೊರಹೋಗುತ್ತಿತ್ತು. ಸುತ್ತುವುದು, ಕಾಯಿಸುವುದು, ಹೊಳಪು ಕೊಡುವುದು, ಎಲ್ಲ ಒಳಗೇ. ಒಂದು ಕಂಟೇನರಿಗಿಂತ ಕಡಿಮೆ ಮಾಲಿಗೆ ನಾವು ಮಷಿನ್ ತಿರುಗಿಸುವುದೇ ಇಲ್ಲ ಎಂದರು ಕ್ವಾಂಗ್, ಹೆಮ್ಮೆಯಿಂದಲ್ಲ, ಮಾಹಿತಿಗಾಗಿ.

‘ಹೊರಗಿನವರಿಂದ, ಅಂದ್ರೆ ಇಲ್ಲಿನ ಸಣ್ಣ ಶೆಡ್ಡಿನವರಿಂದ ಏನ್ ತಗೋತಾರೆ ಕೇಳು,’ ಎಂದಳು ನಸೀಮಾ ನನಗೆ.

ಕ್ವಾಂಗ್ ಯೋಚಿಸಿದರು. ‘ರಟ್ಟಿನ ಪೆಟ್ಟಿಗೆ,’ ಎಂದರು. ಇನ್ನೂ ಸ್ವಲ್ಪ ಯೋಚಿಸಿ, ‘ಮತ್ತೆ ಮಧ್ಯಾಹ್ನದ ಊಟ.’

ಅಷ್ಟರಲ್ಲಿ ದೀಪಗಳು ಆರಿದವು. ಮಷಿನ್ನುಗಳು ಒಂದೊಂದಾಗಿ ಉಸಿರು ಬಿಟ್ಟು ನಿಂತವು. ಆ ನಿಶ್ಶಬ್ದ ಎಷ್ಟು ದೊಡ್ಡದಿತ್ತೆಂದರೆ ನನ್ನ ಬಳೆಯ ಸದ್ದು ನನಗೇ ಕೇಳಿಸಿತು. ಪಕ್ಕಕ್ಕೆ ತಿರುಗಿದರೆ ನಸೀಮಾ ಇಲ್ಲ.

ಓಡಿಹೋಗಿ ನೋಡಿದೆ. ಮಂಡಿ ನೋವಿನವಳು ಸರಸರನೆ ಬಾಗಿಲು ದಾಟಿ, ಅಂಗಳ ದಾಟಿ, ಗೇಟಿನ ಆಚೆ ರಸ್ತೆಯ ನಡುವೆ ನಿಂತಿದ್ದಾಳೆ. ಎಡಕ್ಕೂ ಬಲಕ್ಕೂ ನೋಡುತ್ತಿದ್ದಾಳೆ. ನಾಲ್ಕು ಲಾರಿ ಅಕ್ಕಪಕ್ಕ ಓಡುವಷ್ಟು ಅಗಲದ ರಸ್ತೆ, ಕತ್ತರಿಸಿದ ಹುಲ್ಲು, ಒಂದೇ ಎತ್ತರದ ಗಿಡಗಳು. ನರಪಿಳ್ಳೆ ಇಲ್ಲ. ಗೇಟಿನ ಕಾವಲುಗಾರ ಗಾಬರಿಯಾಗಿ ಅವಳಿಗೊಂದು ಸೆಲ್ಯೂಟ್ ಹೊಡೆದ.

‘ಏನೇ ಇದು?’

‘ಕರೆಂಟ್ ಹೋಯ್ತಲ್ಲ,’ ಎಂದಳು. ‘ಯಾರೂ ಬರ್ಲೇ ಇಲ್ಲ ಕಣೆ.’

ಥಾವ್ ಹಿಂದೆಯೇ ಓಡಿ ಬಂದು, ನಕ್ಕು ನಕ್ಕು ವಿವರಿಸಿದಳು. ಕರೆಂಟ್ ಹೋಗಿರಲಿಲ್ಲ. ಮಧ್ಯಾಹ್ನದ ನಿದ್ದೆಯ ಹೊತ್ತು. ದಿನಾ ಹೀಗೇ ದೀಪ ಆರಿಸುತ್ತಾರೆ, ಇಡೀ ಫ್ಯಾಕ್ಟರಿ ಮಲಗುತ್ತದೆ. ಪಾರ್ಕಿನಲ್ಲಿ ಕರೆಂಟ್ ಹೋಗುವುದಿಲ್ಲವೇ ಎಂದು ನಸೀಮಾ ಕೇಳಿದಳು. ಒಂದು ಬೇಸಿಗೆಯಲ್ಲಿ ಹೋಗಿತ್ತಂತೆ, ದೊಡ್ಡ ಗಲಾಟೆಯಾಯಿತಂತೆ, ಮುಂದಿನ ವರ್ಷದೊಳಗೆ ದೂರದಿಂದ ಹೊಸ ಲೈನ್ ಎಳೆದುಬಿಟ್ಟರಂತೆ.

‘ಒಂದೇ ವರ್ಷಕ್ಕಾ?’ ಎಂದಳು ನಸೀಮಾ. ಅವಳ ದನಿಯಲ್ಲಿದ್ದದ್ದು ಹೊಟ್ಟೆಕಿಚ್ಚು. ಅದಕ್ಕೆ ಬೇರೆ ಚೆಂದದ ಹೆಸರು ಕೊಡಲು ನನಗೆ ಬರುವುದಿಲ್ಲ.

ಒಳಗೆ ಬಂದೆವು. ಮಬ್ಬುಗತ್ತಲಲ್ಲಿ ಮಷಿನ್ನುಗಳ ನಡುವೆ, ಮೇಜಿನ ಕೆಳಗೆ, ಕಂಬದ ಪಕ್ಕ, ಜನ ರಟ್ಟು ಹಾಸಿಕೊಂಡು ಸಾಲಾಗಿ ಮಲಗಿದ್ದರು. ಶೂಗಳು ತಲೆಯ ಬಳಿ ಜೋಡಿಜೋಡಿಯಾಗಿ. ಕ್ವಾಂಗ್ ಸಾಹೇಬರೇ ತಮ್ಮ ಮೇಜಿನ ಪಕ್ಕ ಮಡಚುವ ಮಂಚ ಬಿಚ್ಚಿ, ಕಣ್ಣಿಗೆ ಕರವಸ್ತ್ರ ಹಾಕಿಕೊಂಡಿದ್ದರು. ಯಾರೋ ನಮಗೂ ಎರಡು ರಟ್ಟು ಹಾಸಿ ಕೊಟ್ಟರು. ಆಫೀಸಿನಲ್ಲಿ ತೂಕಡಿಸಿದರೆ ಮೆಮೋ ಕೊಡುವ ಊರಿನಿಂದ ಬಂದ ನನಗೆ, ಬಾಸ್ ಗೊರಕೆ ಹೊಡೆಯುವ ಸದ್ದು ಜೋಗುಳದ ಹಾಗೆ ಕೇಳಿಸಿತು. ಮಲಗಿದೆ. ರಟ್ಟಿನಡಿಯ ನೆಲ ತಣ್ಣಗಿತ್ತು. ಯಾಕೋ ನೀರಿನ ವಾಸನೆ, ಕೆಸರಿನ ವಾಸನೆ ಬಂದ ಹಾಗಾಯಿತು. ಕನಸಿನಲ್ಲಿ ಹೆಬ್ಬಾಳ ಕೆರೆಯ ಮೇಲೆ ಸಣ್ಣ ಸಣ್ಣ ಸ್ಪ್ರಿಂಗುಗಳು ಕಪ್ಪೆಮರಿಗಳಂತೆ ಕುಪ್ಪಳಿಸುತ್ತಿದ್ದವು, ಯಾರೋ ದಡದಲ್ಲಿ ನಿಂತು ನನ್ನ ಹೆಸರು ಕೂಗುತ್ತಿದ್ದರು.

ಕೂಗುತ್ತಿದ್ದವಳು ನಸೀಮಾ. ದೀಪ ಬಂದಿತ್ತು, ಮಷಿನ್ನು ಗುರುಗುಟ್ಟಲು ಶುರುವಾಗಿತ್ತು.

‘ನೀನ್ ಮಲಗ್ಲಿಲ್ವಾ?’

‘ನಂಗೆಲ್ಲಿ ನಿದ್ದೆ ಬರತ್ತೆ ಇಷ್ಟು ಸೈಲೆಂಟಲ್ಲಿ,’ ಎಂದಳು. ತಾನು ಕೂತಿದ್ದ ರಟ್ಟನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದಳು. ಕ್ವಾಂಗ್ ಅವರನ್ನು ಕೇಳಿದಳಂತೆ, ತಗೊಂಡು ಹೋಗಲಾ ಎಂದು. ಅವರು ನಿದ್ದೆಗಣ್ಣಲ್ಲಿ ತಲೆ ಬಾಗಿಸಿದರಂತೆ.

‘ಯಾಕೇ ಇದು?’

‘ಇರ್ಲಿ. ಇಡೀ ಫ್ಯಾಕ್ಟರೀಲಿ ಈ ಊರವರು ಮಾಡಿದ್ದು ಇದೊಂದೇ.’

ಗೇಟಿನ ಹೊರಗೆ

ವಾಪಸ್ ಬರುವಾಗ ನಸೀಮಾ ಹಟ ಹಿಡಿದಳು. ಇಲ್ಲಿನ ಸಣ್ಣವರು ಯಾರಾದರೂ ಸ್ಪ್ರಿಂಗ್ ಮಾಡುತ್ತಿದ್ದರೆ ನೋಡಬೇಕು. ಥಾವ್ ಯಾರಿಗೋ ಫೋನ್ ಮಾಡಿ, ಪಾರ್ಕಿನ ಬೇಲಿಯ ಆಚೆಯ ಹಳ್ಳಿಗೆ ಕರೆದೊಯ್ದಳು. ಹೆದ್ದಾರಿ ಬಿಟ್ಟ ಕೂಡಲೇ ಕಾರು ಗುಂಡಿಗೆ ಇಳಿದು ಎದ್ದಿತು. ನಸೀಮಾ ನೆಟ್ಟಗೆ ಕೂತಳು.

‘ಹಾಂ,’ ಎಂದಳು. ‘ಈಗ ಊರು ಬಂತು.’

ಇಕ್ಕಟ್ಟಾದ ಗಲ್ಲಿ, ಮನೆ ಮುಂದೆಯೇ ಮಷಿನ್ನು, ಎಣ್ಣೆ ವಾಸನೆ, ಕೋಳಿ. ಹೋವಾ ಎನ್ನುವ ಹೆಂಗಸಿನ ಶೆಡ್ಡು. ನಮ್ಮದೇ ವಯಸ್ಸು, ಹೂವಿನ ಪೈಜಾಮ, ಕೈಯಲ್ಲಿ ಇಕ್ಕಳ. ಮಾತಿಗಿಂತ ಮೊದಲು ನಸೀಮಾ ಡಬ್ಬಿ ತೆರೆದು ತನ್ನ ಸ್ಪ್ರಿಂಗ್ ಕೊಟ್ಟಳು. ಹೋವಾ ಅದನ್ನು ಹೆಬ್ಬೆರಳಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತಿ, ತನ್ನದೊಂದನ್ನು ಕೊಟ್ಟಳು. ಇಬ್ಬರೂ ಒತ್ತುತ್ತಾ ನಿಂತರು, ಮಾವಿನಹಣ್ಣು ಕೊಳ್ಳುವವರ ಹಾಗೆ.

‘ಪಾರ್ಕಿನವರಿಗೆ ಕೊಡ್ತೀಯಾ ಕೇಳು,’ ಎಂದಳು ನಸೀಮಾ.

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಥಾವ್ ಕೇಳಿದಳು. ಹೋವಾ ಉತ್ತರವನ್ನು ನಗುತ್ತಲೇ ಕೊಟ್ಟಳು. ಆ ದೊಡ್ಡ ಕಂಪನಿಗಳು ಬರುವಾಗ ತಮಗೆ ಮಾಲು ಕೊಡುವವರನ್ನೂ ತಮ್ಮ ದೇಶದಿಂದಲೇ ಕರೆದುಕೊಂಡು ಬರುತ್ತವೆ. ಬೀಗರು ಅಡುಗೆಯವರನ್ನೂ ಕರೆತಂದ ಹಾಗೆ. ಎರಡು ಸಲ ಹೋಗಿ ಕೇಳಿದ್ದಳಂತೆ, ಸಣ್ಣವರು ಬೇಡ ಎಂದರಂತೆ.

‘ಮತ್ತೆ ಯಾರಿಗೆ ಮಾಡ್ತೀಯ?’

‘ಅವರು ಬೇಡ ಅಂದದ್ದೆಲ್ಲ ನನ್ನ ಹತ್ತಿರ ಬರುತ್ತದೆ,’ ಎಂದಳು ಹೋವಾ. ಹಳೇ ಬೈಕಿನ ಸ್ಟ್ಯಾಂಡು, ಹೊಲಿಗೆ ಮಷಿನ್ನು, ಕೋಳಿಗೂಡಿನ ಬಾಗಿಲು, ಯಾರದೋ ಮುರಿದ ಗಾಲಿಕುರ್ಚಿ. ಆರ್ಡರ್ ಅಂದರೆ ಒಂದು ಬಕೆಟ್, ಅರ್ಧ ಬಕೆಟ್. ಗೋಡೆ ತುಂಬ ಮೊಳೆ ಹೊಡೆದು ಒಂದೊಂದು ಮಾದರಿಯನ್ನೂ ತೂಗುಹಾಕಿದ್ದಳು. ಗಾಳಿ ಬಂದಾಗ ಅವೆಲ್ಲ ಗೆಜ್ಜೆಯಂತೆ ಸದ್ದು ಮಾಡುತ್ತಿದ್ದವು. ನಸೀಮಾ ಆ ಗೋಡೆಯ ಮುಂದೆ ತುಂಬಾ ಹೊತ್ತು ನಿಂತಳು.

ಆಗ ಕರೆಂಟ್ ಹೋಯಿತು. ನಿಜವಾಗಿಯೂ ಹೋಯಿತು. ಸೆಖೆಗಾಲದಲ್ಲಿ ಪಾರ್ಕಿಗೆ ಕೊರತೆಯಾಗದಿರಲಿ ಎಂದು ಮೊದಲು ಹಳ್ಳಿಗಳದ್ದನ್ನು ತೆಗೆಯುತ್ತಾರಂತೆ. ನನಗೆ ಅದನ್ನು ಥಾವ್ ಹೇಳಿ ಮುಗಿಸುವುದರೊಳಗೆ ನಸೀಮಾಳ ಕಾಲು ಬಾಗಿಲ ಕಡೆ ತಿರುಗಿಯಾಗಿತ್ತು. ಹೋವಾಳದ್ದೂ. ಇಬ್ಬರೂ ಒಂದೇ ಸಲ ಹೊಸ್ತಿಲಿಗೆ ಬಂದು ಭುಜಕ್ಕೆ ಭುಜ ತಾಗಿ ಸಿಕ್ಕಿಕೊಂಡರು. ಒಬ್ಬರನ್ನೊಬ್ಬರು ನೋಡಿದರು. ಗಲ್ಲಿಯಲ್ಲಿ ಆಗಲೇ ಎಲ್ಲ ಶೆಡ್ಡಿನವರೂ ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದರು. ಸ್ಟೂಲುಗಳು ಬಂದವು. ಐಸು ಹಾಕಿದ ಟೀ ಬಂತು.

‘ಹೌ ರೇ,’ ಹೌದಲ್ಲ, ಎಂದಳು ನಸೀಮಾ ತನ್ನ ಮನೆ ಭಾಷೆಯಲ್ಲಿ, ಯಾರಿಗೂ ಅಲ್ಲದೆ. ಅವಳ ಕಣ್ಣು ತುಂಬಿತ್ತು.

ಟೀ ಕುಡಿಯುತ್ತಾ ಹೋವಾ ಬೇಲಿಯ ಆಚೆಯ, ನಾವು ಆಗಷ್ಟೇ ನೋಡಿ ಬಂದ ಬಿಳಿ ಫ್ಯಾಕ್ಟರಿಯ ಕಡೆ ಗದ್ದ ಎತ್ತಿ ತೋರಿಸಿದಳು. ಅದಿರುವುದು ಅವರ ಗದ್ದೆಯ ಮೇಲೆ. ಅವಳ ಅಮ್ಮ ನಾಟಿ ಮಾಡಿ ಮಧ್ಯಾಹ್ನ ಬದುವಿನ ಮೇಲೆ ಮಲಗುತ್ತಿದ್ದಳಂತೆ. ಈಗ ಹೋವಾಳ ಮಗಳು ಅದೇ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿ ಮಧ್ಯಾಹ್ನ ಅದೇ ಜಾಗದಲ್ಲಿ ಮಲಗುತ್ತಾಳೆ. ಬೇಸರವೇ ಎಂದು ಕೇಳಿದೆ. ಇಲ್ಲ, ಮಗಳಿಗೆ ತಿಂಗಳು ತಿಂಗಳು ಸಂಬಳ ಬರುತ್ತದೆ, ಬೆನ್ನು ಬಗ್ಗಿಸುವುದು ಬೇಡ ಎಂದಳು. ಸ್ವಲ್ಪ ತಡೆದು, ಆದರೆ ಆ ಗೋಡೆಯೊಳಗೆ ನನ್ನ ಒಂದು ಸ್ಪ್ರಿಂಗೂ ಹೋಗಿಲ್ಲ ಎಂದಳು.

ರಟ್ಟಿನಡಿಯಿಂದ ಕೆಸರಿನ ವಾಸನೆ ಬಂದದ್ದು ನನಗೆ ನೆನಪಾಯಿತು.

ಕಾರಿನಲ್ಲಿ ನಾನು ಬಾಯಿ ತಡೆಯಲಿಲ್ಲ. ‘ನೋಡು, ಕರೆಂಟ್ ಹೋಗೋದು ಚೆಂದ ಅಂತ ಮಾತ್ರ ಹೇಳ್ಬೇಡ. ನಂಗ್ ಕೋಪ ಬರತ್ತೆ.’

‘ಹುಚ್ಚಿ. ನಂಗೆ ಆ ರಸ್ತೆ ಬೇಕು, ಆ ಲೈನೂ ಬೇಕು,’ ಎಂದಳು. ‘ಗಲ್ಲೀನೂ ಬೇಕು. ಎರಡೂ ಕೊಟ್ರೆ ಸರ್ಕಾರದ ಗಂಟೇನು ಹೋಗತ್ತೆ?’

ಮಂಜಣ್ಣನ ಫೋನು ಬಡಿದುಕೊಂಡಿತು. ಅವಳು ತೆಗೆಯಲಿಲ್ಲ.

ಅಬ್ಬಿಗೆರೆ

ಬಂದ ವಾರದಲ್ಲಿ ಒಂದು ಮಧ್ಯಾಹ್ನ ಶೆಡ್ಡಿಗೆ ಹೋಗಿದ್ದೆ. ಹೇಳಿ ಮಾಡಿಸಿದ ಹಾಗೆ ಕರೆಂಟ್ ಹೋಯಿತು. ಎಲ್ಲರೂ ಗಲ್ಲಿಗೆ ಬಂದರು. ಆ ದಿನ ಯಾರೂ ತಂತಿಯ ಮಾತೆತ್ತಲಿಲ್ಲ, ಗಂಡಿನ ಮಾತೂ ಎತ್ತಲಿಲ್ಲ. ಟೀ ಲೋಟ ಹಿಡಿದು ನಸೀಮಾಳ ಮುಖ ನೋಡುತ್ತಿದ್ದರು. ಕೊನೆಗೆ ಕೃಷ್ಣಪ್ಪನೇ ಕೇಳಿದರು. ಅಬ್ಬಿಗೆರೆಯ ಹಳೇ ಮನೆತನದವರು, ಅವಳ ಶೆಡ್ಡು ಇರುವುದೂ ಅವರ ಜಾಗದಲ್ಲೇ.

‘ಏನವ್ವಾ ನಸೀಮಮ್ಮ, ಓಗಿದ್ ಕೆಲ್ಸ ಏನಾಯ್ತು? ಇಂಗೇ ನಡೀತದಾ, ಬೀಗ ಆಕ್ತೀಯಾ?’

‘ಸ್ವಿಚ್ ಕಂಪನಿದು ಹೋಯ್ತು ಅಣ್ಣ. ಅದು ಇನ್ನು ನಮ್ ಕೈಲಿ ಆಗಲ್ಲ. ಆ ರಸ್ತೆ ನೋಡಿದ್ಮೇಲೆ ಗೊತ್ತಾಯ್ತು. ಎರಡು ಮಷಿನ್ ಮಾರ್ತೀನಿ.’

ಸೆಲ್ವಂ ಲೋಟ ಕೆಳಗಿಟ್ಟ.

‘ಮಂಜಣ್ಣಂಗೆ ಬೇಡ ಅಂದೆ. ಡಬ್ಬಿ ಮೇಲೆ ನನ್ನ ಹೆಸ್ರು ಹಾಕಿ ಬೇರೆಯವರ ಮಾಲು ತುಂಬಲ್ಲ. ಉಳಿದ ಮಷಿನ್ ಓಡಿಸ್ತೀನಿ. ಕಂಟೇನರ್ ಲೆಕ್ಕದವರು ಬೇಡ ಅನ್ನೋದೆಲ್ಲ ನಂಗೆ ಕೊಡಿ. ಒಂದು ಬಕೆಟ್ ಆಗ್ಲಿ, ಅರ್ಧ ಬಕೆಟ್ ಆಗ್ಲಿ. ಆಸ್ಪತ್ರೆ ಮಂಚ, ಹೊಲಿಗೆ ಮಷಿನ್ನು, ಏನೇ ಇರ್ಲಿ.’

‘ಅಂಗಂದ್ರೆ ನಂಗೂ ಕೆಲ್ಸ ಕಮ್ಮಿ ಆಯ್ತದೆ,’ ಎಂದರು ಕೃಷ್ಣಪ್ಪ.

‘ಆಗತ್ತೆ ಅಣ್ಣ. ಇಲ್ಲ ಅಂತ ಸುಳ್ಳು ಹೇಳಲ್ಲ.’

ಕೃಷ್ಣಪ್ಪ ಟೀ ಮುಗಿಸಿದರು. ‘ನಿಂತೋಗಲ್ಲ ತಾನೆ?’

‘ನಿಂತೋಗಲ್ಲ.’

‘ಸರಿ ಬುಡು. ಆ ಸಂಜಯನಗರದ ಡಾಕ್ಟ್ರು ಯಾವ್ದೋ ಮಂಚದ ಸ್ಪ್ರಿಂಗ್ ಕೇಳ್ತಾವ್ರೆ, ಯಾರೂ ಮಾಡ್ಕೊಡ್ತಿಲ್ವಂತೆ. ಕಳಿಸ್ತೀನಿ.’

ನಸೀಮಾ ಒಳಗೆ ಹೋಗಿ ಒಂದು ಮಡಚಿದ ರಟ್ಟು ತಂದಳು. ಬರುವಾಗ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಕೂತು ಬಂದದ್ದು, ಮೂಲೆ ಮುರಿದಿತ್ತು. ಶೆಡ್ಡಿನ ನೆರಳಿನಲ್ಲಿ ಅದನ್ನು ಹಾಸಿ, ಚಪ್ಪಲಿಯನ್ನು ತಲೆಯ ಬಳಿ ಜೋಡಿಸಿಟ್ಟು, ದುಪಟ್ಟಾ ಮುಖಕ್ಕೆ ಎಳೆದುಕೊಂಡು ಮಲಗಿಬಿಟ್ಟಳು.

‘ಇದೇನವ್ವಾ ಇದು?’

‘ಇಂಪೋರ್ಟ್ ಮಾಡಿದ್ದು ಅಣ್ಣ,’ ಎಂದಳು ದುಪಟ್ಟಾದ ಒಳಗಿನಿಂದ. ‘ಇಷ್ಟೇ.’

ಸ್ವಲ್ಪ ಹೊತ್ತಿಗೆ ಕರೆಂಟ್ ಬಂತು. ಗಲ್ಲಿಯ ಮಷಿನ್ನುಗಳೆಲ್ಲ ಒಟ್ಟಿಗೆ ಟಕಟಕ ಎಂದು ಬಾಯಿ ತೆರೆದವು. ಸೆಲ್ವಂ ಒಲೆಯ ಕಡೆ ಓಡಿದ. ನಾನು ಅವಳನ್ನು ಎಬ್ಬಿಸಲೆಂದು ಬಗ್ಗಿದೆ. ಅಷ್ಟು ಗದ್ದಲದ ನಡುವೆ ನಸೀಮಾ ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದಳು.